ಹೊಗೆಯ ತಿಂಗಳುಗಳು: ಮಂಗಳೂರು, ಉಡುಪಿಗೆ ಹೊಸದಾಗಿ ಬಂದ ಮನೆಯವರಿಗೆ

ಇಲ್ಲಿಗೆ ಬಂದ ಹೊಸಬರಿಗೆ ಮಳೆಗಾಲದ ಬಗ್ಗೆ ಎಲ್ಲರೂ ಹೇಳಿಯೇ ಹೇಳುತ್ತಾರೆ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಕರೆಂಟು ಹೋಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಬೆಳಗಿನ ಹೊತ್ತು ಕಾಣುವ ಹೊಗೆಯ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ. ಮನೆಯಲ್ಲಿ ದಮ್ಮು ಇರುವ ಹಿರಿಯರೋ ಸಣ್ಣ ಮಕ್ಕಳೋ ಇದ್ದರೆ ಮೊದಲ ಬೇಸಿಗೆಯಲ್ಲೇ ಅದರ ಬಿಸಿ ತಟ್ಟಬಹುದು. ಅದಕ್ಕೇ ಸಂಘದಿಂದ ಈ ಟಿಪ್ಪಣಿ.

ಕೇಳುವವರು ಎರಡು ಥರ. ವಿಜಯಪುರ, ಕಲಬುರಗಿ ಕಡೆಯವರು "ಸಮುದ್ರದ ಬಾಜೂ ಊರಾಗ ಹೊಗಿ ಎಲ್ಲಿಂದ ಬರ್ತದ್ರೀ?" ಅನ್ನುತ್ತಾರೆ. ಸಿಂಗಪುರ, ಕೌಲಾಲಂಪುರದಿಂದ ವಾಪಸ್ ಬಂದವರು "ಅಲ್ಲಿನ ಹಾಗೆ ಇಲ್ಲೂ ವಾರಗಟ್ಟಲೆ ಕವಿದುಕೊಳ್ಳುತ್ತದಾ?" ಎಂದು ಕೇಳುತ್ತಾರೆ. ಎರಡನೆಯವರಿಗೆ ಮೊದಲು ಉತ್ತರ: ಇಲ್ಲ, ಅಷ್ಟು ಹೆದರಬೇಡಿ.

ಅಲ್ಲಿನ ಹೊಗೆ, ಇಲ್ಲಿನ ಹೊಗೆ

ಅಲ್ಲಿ ಸುಡುವುದು ನೆಲವೇ. ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್‌ನ ಜೌಗು ಕಾಡುಗಳಲ್ಲಿ ಎಲೆ, ಬೇರು, ಮರ ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತಿವೆ. ಇದಕ್ಕೆ ಪೀಟ್ ಎನ್ನುತ್ತಾರೆ. ನೀರು ತುಂಬಿರುವ ತನಕ ಅದಕ್ಕೆ ಬೆಂಕಿ ಹತ್ತುವುದಿಲ್ಲ. ತಾಳೆ ಎಣ್ಣೆಯ ತೋಟಕ್ಕೆ, ಕಾಗದಕ್ಕೆ ಬೇಕಾದ ಅಕೇಶಿಯಾಕ್ಕೆ ಎಂದು ಕಾಲುವೆ ತೋಡಿ ನೀರು ಬಸಿದರು. 1996ರಲ್ಲಿ ಮಧ್ಯ ಕಾಲಿಮಂತಾನ್‌ನಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೆಯುತ್ತೇವೆಂದು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಲು ಹೊರಟರು. ಭತ್ತದ ಕನಸು ಕೈಗೂಡಲಿಲ್ಲ. ಮರುವರ್ಷ ಎಲ್ ನಿನೋ (ಶಾಂತ ಸಾಗರದ ನೀರು ಬಿಸಿಯಾಗಿ ಅಲ್ಲಿ ಮಳೆ ಕೈಕೊಡುವುದು) ಬರ ಬಂತು, ಒಣಗಿದ ನೆಲ ಹೊತ್ತಿಕೊಂಡಿತು. ಮತ್ತೊಂದು ಎಲ್ ನಿನೋ ವರ್ಷವಾದ 2015ರಲ್ಲಿ ಆ ದೇಶದಲ್ಲಿ ಸುಟ್ಟದ್ದು ಸುಮಾರು 26 ಲಕ್ಷ ಹೆಕ್ಟೇರ್. ಆ ತಿಂಗಳುಗಳ ನೈಋತ್ಯ ಗಾಳಿ ಹೊಗೆಯನ್ನು ಕಡಲು ದಾಟಿಸಿ ಸಿಂಗಪುರ, ಮಲೇಷ್ಯಾದ ಮೇಲೆ ತಂದು ಹಾಕುತ್ತದೆ.

ಪೀಟ್ ಬೆಂಕಿ ನೆಲದಡಿಯಲ್ಲಿ ಜ್ವಾಲೆಯಿಲ್ಲದೆ ಕನಲುತ್ತದೆ. ಮೇಲೆ ನೀರು ಸುರಿದರೂ ಒಳಗೆ ಹರಡುತ್ತಲೇ ಇರುತ್ತದೆ. ಜೋರು ಮಳೆಯೇ ಬರಬೇಕು. ಹಾಗಾಗಿ ಅಲ್ಲಿ ನಿಜವಾದ ಮದ್ದು ಕಾಲುವೆಗಳಿಗೆ ಕಟ್ಟ ಹಾಕಿ ನೆಲವನ್ನು ಮತ್ತೆ ಒದ್ದೆ ಮಾಡುವುದು. ತೋಟ ಮಾಡಿದ ಪೀಟ್ ನೆಲದಲ್ಲೂ ನೀರು 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು ಎಂದು ಇಂಡೋನೇಷ್ಯಾ ಸರ್ಕಾರವೇ ನಿಯಮ ಮಾಡಿದೆ.

ನಮ್ಮ ಘಟ್ಟದ ಬೆಂಕಿ ಬೇರೆ ಜಾತಿಯದು. ತರಗೆಲೆ, ಒಣಹುಲ್ಲು ಹಿಡಿದು ಮೇಲ್ಮೇಲೆ ಓಡುತ್ತದೆ. ಪದವಿನ (ಎತ್ತರದ ಮುರಕಲ್ಲು ಬಯಲಿನ) ಮುಳಿಹುಲ್ಲು, ಗೇರು ತೋಟ, ಅಕೇಶಿಯಾ ನೆಡುತೋಪು, ಘಟ್ಟದ ಮೇಲಿನ ಹುಲ್ಲುಗುಡ್ಡ, ಇವೇ ಮೊದಲು ಹತ್ತಿಕೊಳ್ಳುವುದು. ಆದರೆ ನಮ್ಮಲ್ಲೂ ಪೀಟ್‌ನಂತೆ ವರ್ತಿಸುವುದು ಒಂದಿದೆ, ಕಸದ ರಾಶಿ. 2023ರ ಜನವರಿಯಲ್ಲಿ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಅದೇ ವರ್ಷ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂನಲ್ಲಿ ಹತ್ತಿದ್ದು ಆರಲು ಸುಮಾರು 12 ದಿನ ಬೇಕಾಯಿತು. ಪ್ಲಾಸ್ಟಿಕ್ ಸುಡುವ ಈ ಹೊಗೆ ತರಗೆಲೆಯ ಹೊಗೆಗಿಂತ ಕೆಟ್ಟದ್ದು. ವಾಮಂಜೂರು, ಪಚ್ಚನಾಡಿ ಸುತ್ತ ಬಾಡಿಗೆ ಮನೆ ನೋಡುವವರು ಮುಂಗಡ ಕೊಡುವ ಮೊದಲು ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ. ಬ್ರೋಕರ್ ಇದನ್ನೆಲ್ಲ ಹೇಳುವುದಿಲ್ಲ ಮಾರಾಯ್ರೆ.

ಗಾಳಿ ಯಾವ ಹೊತ್ತಿಗೆ ಎಲ್ಲಿಂದ

ಈ ಟಿಪ್ಪಣಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬೇಸಿಗೆಯಲ್ಲಿ ಇಲ್ಲಿನ ಗಾಳಿ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ನೆಲ ಕಾದು ಕಡಲ ಗಾಳಿ ಶುರುವಾಗುತ್ತದೆ. ಅದು ಹೊಗೆಯನ್ನು ಮೂಡಣಕ್ಕೆ, ಘಟ್ಟದ ಕಡೆಗೆ ತಳ್ಳುತ್ತದೆ. ರಾತ್ರಿ ನೆಲ ತಣಿದ ಮೇಲೆ ಗಾಳಿ ತಿರುಗಿ ಕಡಲ ಕಡೆಗೆ ಬೀಸುತ್ತದೆ. ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆ ಬೆಂಕಿ ಬಿದ್ದಿದ್ದರೆ ಅಲ್ಲಿನ ಹೊಗೆ ಆಗ ಪಡುವಣಕ್ಕೆ ಸರಿಯುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇಳದೆ ಕೆಳಗೇ ಕೂರುತ್ತದೆ. ಸೂರ್ಯ ಏರುವ ತನಕ ಅಲ್ಲೇ.

ಅಂದರೆ ನಾವು ಆರೋಗ್ಯಕ್ಕೆಂದು ವಾಕಿಂಗ್ ಹೋಗುವ ಆರು ಗಂಟೆಯೇ ಹೊಗೆಯ ದಿನಗಳಲ್ಲಿ ಕೆಟ್ಟ ಹೊತ್ತು. ಅಂಥ ದಿನ ಸಂಜೆ ಹೋಗಿ. ಪಣಂಬೂರು, ಮಲ್ಪೆಯ ಕಡಲ ಕರೆಯಲ್ಲಿ ಸಂಜೆ ಐದಕ್ಕೆ ಸಿಗುವ ಗಾಳಿ ಸಾಮಾನ್ಯವಾಗಿ ಚೊಕ್ಕ.

ಬೆಳಗಿನ ಹೊಗೆಯೆಲ್ಲ ಕಾಡಿನದಲ್ಲ, ಇದನ್ನೂ ಹೇಳಬೇಕು. ತೆಂಗಿನ ಮಡಲು, ಸಿಪ್ಪೆ ಉರಿಸಿ ಸ್ನಾನದ ನೀರು ಕಾಯಿಸುವ ಬಚ್ಚಲೊಲೆ ಇಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಚಳಿಗಾಲದ ಬರೀ ಮಂಜೂ ಇರುತ್ತದೆ. ಮೂಗಿಗೆ ಸುಟ್ಟ ವಾಸನೆ ಬಂದು, ಎಂಟೂವರೆಯಾದರೂ ದೂರದ ಗುಡ್ಡ ಬೂದು ಬೂದಾಗಿಯೇ ಇದ್ದರೆ ಹೊಗೆ ಎಂದುಕೊಳ್ಳಿ.

ಫೋನಿನಲ್ಲಿ ನೋಡುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆಪ್ ಹಾಕಿಕೊಳ್ಳಿ. ಮಂಗಳೂರಿನ ಅಳತೆ ಕೇಂದ್ರ ಕದ್ರಿಯಲ್ಲಿದೆ. ಕದ್ರಿ ಗುಡ್ಡದ ಅಂಕಿ ಸುರತ್ಕಲ್‌ಗೋ ಉಳ್ಳಾಲಕ್ಕೋ ಹಾಗೇ ಹೊಂದುತ್ತದೆ ಎಂದೇನಿಲ್ಲ.

ಮುಖ್ಯ ಎಡವಟ್ಟು ಬೇರೆ. ಆಪ್‌ನಲ್ಲಿ ದೊಡ್ಡದಾಗಿ ಕಾಣುವ ಎಕ್ಯೂಐನಲ್ಲಿ (ಗಾಳಿಯ ಗುಣಮಟ್ಟದ ಸೂಚ್ಯಂಕ) ಸೂಕ್ಷ್ಮ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಬೆಳಗ್ಗೆ ನಾಲ್ಕರಿಂದ ಎಂಟರ ತನಕ ದಟ್ಟ ಹೊಗೆಯಿದ್ದು ಉಳಿದ ಹೊತ್ತು ಕಡಲ ಗಾಳಿ ಬೀಸಿದರೆ ಸರಾಸರಿ 'ಪರವಾಗಿಲ್ಲ' ಎಂದೇ ತೋರಿಸಬಹುದು. ಸಿಂಗಪುರದಲ್ಲೂ ಇದೇ ತಕರಾರು ಎದ್ದಿತ್ತು. 2013ರ ಜೂನ್ 21ರಂದು ಅಲ್ಲಿನ ಮೂರು ಗಂಟೆಯ ಸೂಚ್ಯಂಕ 401ಕ್ಕೆ ಏರಿತು. ಈಗ ಅಲ್ಲಿ 24 ಗಂಟೆಯ ಸೂಚ್ಯಂಕದ ಜೊತೆಗೆ ಗಂಟೆಗಂಟೆಯ ಪಿಎಂ 2.5 (ಸೂಕ್ಷ್ಮ ಕಣಗಳ) ಅಂಕಿಯನ್ನೂ ಕೊಡುತ್ತಾರೆ, ಹೊರಗೆ ಹೋಗಬೇಕೋ ಬೇಡವೋ ಎನ್ನುವುದಕ್ಕೆ ಅದನ್ನೇ ನೋಡಿ ಅನ್ನುತ್ತಾರೆ. ನೀವೂ ಗಂಟೆಯ ಅಂಕಿಯನ್ನೇ ನೋಡಿ. ಅಂದಾಜಿಗೆ: ಪಿಎಂ 2.5ಕ್ಕೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದು 15.

ಬೆಂಕಿ ಎಲ್ಲಿದೆ ನೋಡಲು ನಾಸಾದ 'ಫರ್ಮ್ಸ್' ನಕ್ಷೆ ಇದೆ. ಭಾರತೀಯ ಅರಣ್ಯ ಸಮೀಕ್ಷೆಯ 'ವನ ಅಗ್ನಿ'ಯಲ್ಲಿ ಹೆಸರು ನೋಂದಾಯಿಸಿದರೆ ಎಚ್ಚರಿಕೆ ಫೋನಿಗೇ ಬರುತ್ತದೆ. ಕೆಂಪು ಚುಕ್ಕಿ ಕಂಡ ಕೂಡಲೇ ವಾಟ್ಸಾಪ್ ಗುಂಪಿನಲ್ಲಿ "ಕಾಡು ಹೊತ್ತಿ ಉರಿಯುತ್ತಿದೆ" ಎಂದು ಹಾಕಬೇಡಿ. ಒಂದು ಚುಕ್ಕಿ ಅಂದರೆ ಸುಮಾರು 375 ಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಶಾಖ ಕಂಡಿದೆ ಎಂದಷ್ಟೇ. ಕಾರ್ಖಾನೆಯ ಉರಿಯುವ ಚಿಮಣಿಯೂ ಚುಕ್ಕಿಯಾಗುತ್ತದೆ. ಈ ಚುಕ್ಕಿ ಕೊಡುವ ಉಪಗ್ರಹಗಳು ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ನಾಲ್ಕಕ್ಕೆ ಹತ್ತಿ ಹತ್ತಕ್ಕೆ ಆರಿದ ಬೆಂಕಿ ನಕ್ಷೆಯಲ್ಲಿ ಬಾರದೇ ಹೋಗಬಹುದು.

ಮನೆಯೊಳಗೆ

ಹೊಗೆಯಿದ್ದರೆ ರಾತ್ರಿ ಮಲಗುವಾಗ ಪೂರ್ವದ ಕಿಟಕಿ ಹಾಕಿ, ಕಡಲ ಗಾಳಿ ಶುರುವಾದ ಮೇಲೆ ಎಲ್ಲ ತೆರೆಯಿರಿ. ಮಾರ್ಚ್ ಸೆಕೆಗೆ ಇದು ಹಿಂಸೆ, ನಮಗೂ ಗೊತ್ತು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಬೇಡ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಸಾಮಾನ್ಯ ಏಸಿ ಕೋಣೆ ತಣಿಸುತ್ತದೆ, ಸೂಕ್ಷ್ಮ ಕಣ ಸೋಸುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್. ಮೂಗಿಗೆ ಕಟ್ಟುವ ಒದ್ದೆ ಕರ್ಚೀಫು ಸುಮ್ನೆ ಸಮಾಧಾನಕ್ಕೆ. ದಮ್ಮಿನ ಪಂಪ್ ಬಳಸುವವರು ಜನವರಿಯಲ್ಲೇ ಡಾಕ್ಟರಿಗೆ ತೋರಿಸಿ, ಪಂಪ್ ಖಾಲಿಯಾಗಿದೆಯಾ ನೋಡಿಕೊಳ್ಳಿ. ಮಾತಾಡಲಾಗದಷ್ಟು ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬೆಂಕಿ ಹಚ್ಚುವುದು, ಬೆಂಕಿ ಕಾಣುವುದು

ನಮ್ಮ ಕಾಡಿನ ಬೆಂಕಿಯ ಬಹುಪಾಲು ಮನುಷ್ಯರೇ ಹಚ್ಚಿದ್ದು. ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಎಂದು ಇಟ್ಟದ್ದು, ತೋಟದ ತರಗೆಲೆ ಸುಡುವಾಗ ಕೈಮೀರಿದ್ದು. ಸುಡುಮಣ್ಣು ಮಾಡುವುದು (ತರಗೆಲೆಯ ಜೊತೆ ಮಣ್ಣು ಸುಟ್ಟು ಗೊಬ್ಬರ ಮಾಡುವುದು) ಇಲ್ಲಿನ ಹಳೇ ಕೃಷಿ ಪದ್ಧತಿ. ಅದನ್ನು ಬಲ್ಲವರು ಗಾಳಿಯಿಲ್ಲದ ಹೊತ್ತು ನೋಡಿ, ಮಣ್ಣು ಮುಚ್ಚಿ, ಪಕ್ಕದಲ್ಲಿ ಕೂತು ಮಾಡುತ್ತಾರೆ. ಹೊಸಬರು ಅದನ್ನು ನೋಡಿ ಹಿತ್ತಲ ಕಸಕ್ಕೆ ಕಡ್ಡಿ ಗೀರುವುದು ಬೇಡ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕಿ, ಮಳೆಗೆ ಗೊಬ್ಬರವಾಗುತ್ತದೆ.

ಗಡಿಯ ವಿಷಯವೂ ಇದೆ. ಆಸಿಯಾನ್ (ಆಗ್ನೇಯ ಏಷ್ಯಾದ ಕೂಟ) ದೇಶಗಳು ಗಡಿ ದಾಟುವ ಹೊಗೆಯ ಬಗ್ಗೆ 2002ರಲ್ಲಿ ಒಪ್ಪಂದ ಮಾಡಿಕೊಂಡವು. ಹೊಗೆ ಏಳುವ ಇಂಡೋನೇಷ್ಯಾವೇ ಅದನ್ನು ಅನುಮೋದಿಸಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ. ಅದೇ ವರ್ಷ ಸಿಂಗಪುರ, ಹೊರದೇಶದಲ್ಲಿ ಬೆಂಕಿಗೆ ಕಾರಣವಾದ ಕಂಪನಿಗೂ ದಿನಕ್ಕೆ ಒಂದು ಲಕ್ಷ ಸಿಂಗಪುರ ಡಾಲರ್ ತನಕ ದಂಡ ಹಾಕುವ ಕಾನೂನು ತಂದಿತು. ನಮ್ಮದು ಜಿಲ್ಲೆಯ ಗಡಿ ಅಷ್ಟೇ, ಆದರೂ ಗೊಂದಲ ಆಗುತ್ತದೆ. ಚಾರ್ಮಾಡಿಯ ಕೆಳಗೆ ಬೆಳ್ತಂಗಡಿ, ಮೇಲೆ ಮೂಡಿಗೆರೆ. ಆಗುಂಬೆ ಘಾಟಿಯ ಕೆಳಗೆ ಹೆಬ್ರಿ, ಮೇಲೆ ತೀರ್ಥಹಳ್ಳಿ. "ಅದು ಯಾರ ವ್ಯಾಪ್ತಿ?" ಎಂದು ಯೋಚಿಸುತ್ತಾ ನೀವು ನಿಲ್ಲಬೇಡಿ. ಕಾಡಿನ ಬೆಂಕಿ ಕಂಡರೆ ಅರಣ್ಯ ಇಲಾಖೆಯ 1926, ಊರೊಳಗಾದರೆ 101 ಅಥವಾ 112. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳಿ.

ಫೋನಿನಲ್ಲಿ "ಗುಡ್ಡಕ್ಕೆ ಬೆಂಕಿ" ಅಂದರೆ ಸಾಲದು. ಎಷ್ಟನೇ ತಿರುವು, ಹತ್ತಿರದ ಊರು ಅಥವಾ ದೈವಸ್ಥಾನ ಯಾವುದು, ಹೊಗೆ ಯಾವ ಕಡೆ ವಾಲಿದೆ, ಹತ್ತಿರ ಮನೆಗಳಿವೆಯಾ, ಇಷ್ಟನ್ನು ಹೇಳಿ. ಲೊಕೇಶನ್ ಹಾಕಿದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಸೊಪ್ಪು ಹಿಡಿದು ಬಡಿಯಲು ನೀವೇ ಗುಡ್ಡ ಹತ್ತಬೇಡಿ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುವ ವೇಗ ಬಯಲುಸೀಮೆಯಿಂದ ಬಂದವರ ಅಂದಾಜಿಗೆ ಸಿಗುವಂಥದ್ದಲ್ಲ.