ಗವಿಯೊಳಗೆ ಕಾಲಿಡದೆ ಗವಿಯ ಹಕ್ಕಿಯನ್ನು ನೋಡುವ ಬಗೆ

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಗಳ ಹುಲ್ಲುಬೋರೆಗಳ ಮೇಲೆ ಸಣ್ಣ ಕಂದು ಹಕ್ಕಿಗಳು ಗುಂಪುಗುಂಪಾಗಿ ಸುಳಿದಾಡುವುದನ್ನು ಕಂಡವರು ಸಾಮಾನ್ಯವಾಗಿ ಕವಲುತೋಕೆಗಳೆಂದು ತಿಳಿದು ಮುಂದೆ ಸಾಗುತ್ತಾರೆ. ಅವುಗಳಲ್ಲಿ ಗವಿಗಳ ಗೋಡೆಯಲ್ಲಿ ಗೂಡು ಕಟ್ಟುವ ಪುಟ್ಟ ಬಾನಾಡಿ, ಭಾರತೀಯ ಸ್ವಿಫ್ಟ್‌ಲೆಟ್ ಕೂಡ ಇರುತ್ತದೆ. ಪಶ್ಚಿಮ ಘಟ್ಟ, ಅದರ ಪಕ್ಕದ ಕರಾವಳಿ ಮತ್ತು ಶ್ರೀಲಂಕಾಗಳಲ್ಲಷ್ಟೇ ನೆಲೆಸಿರುವ ಈ ಹಕ್ಕಿಯನ್ನು 1840ರಲ್ಲಿ ಬ್ರಿಟಿಷ್ ನಿಸರ್ಗತಜ್ಞ ಜೆರ್ಡನ್ ಮೊದಲಿಗೆ ಶಾಸ್ತ್ರೀಯವಾಗಿ ವಿವರಿಸಿದರು. ಏರೋಡ್ರಾಮಸ್ ಯುನಿಕಲರ್ ಎಂಬ ಅದರ ವೈಜ್ಞಾನಿಕ ಹೆಸರಿನ ಎರಡನೆಯ ಪದಕ್ಕೆ ‘ಒಂದೇ ಬಣ್ಣದ್ದು’ ಎಂದರ್ಥ. ಗುರುತಿಸುವ ಕೆಲಸದ ಕಷ್ಟವೆಲ್ಲ ಆ ಒಂದು ಪದದಲ್ಲೇ ಅಡಗಿದೆ.

ಆದ್ದರಿಂದ ಬಣ್ಣವನ್ನು ಹುಡುಕುತ್ತ ಕೂರದೆ, ಏನೇನು ಇಲ್ಲ ಎಂಬುದನ್ನು ಗಮನಿಸುತ್ತ ಹೋಗುವುದು ಒಳ್ಳೆಯದು. ಹಕ್ಕಿ ತಂತಿಯ ಮೇಲೋ ಒಣಕೊಂಬೆಯ ಮೇಲೋ ಬಂದು ಕುಳಿತರೆ ಅದು ಕವಲುತೋಕೆಯ ಬಳಗಕ್ಕೆ ಸೇರಿದ್ದು, ಏಕೆಂದರೆ ಸ್ವಿಫ್ಟ್‌ಲೆಟ್‌ನ ಪುಟ್ಟ ಕಾಲುಗಳು ಕಡಿದಾದ ಗೋಡೆಗೆ ಆತುಕೊಳ್ಳಲು ಮಾತ್ರ ಒದಗುತ್ತವೆ. ಸೊಂಟದ ಮೇಲೆ ಬಿಳಿ ಪಟ್ಟಿ ಕಂಡರೆ ಅದು ಪೇಟೆಯ ಹಳೆಯ ಕಟ್ಟಡಗಳಲ್ಲಿ ಗೂಡು ಕಟ್ಟುವ ಮನೆ ಬಾನಾಡಿಯಾಗಿರಬಹುದು. ಅಡಕೆ ತೋಟದ ಮೇಲೆ ತೆಳ್ಳನೆಯ ಮೈ, ಆಳವಾಗಿ ಸೀಳಿದ ಬಾಲದೊಡನೆ ಹಾರುವುದು ತಾಳೆ ಬಾನಾಡಿ. ಹೊಟ್ಟೆ ಬೆಳ್ಳಗಿದ್ದು ಗಾತ್ರ ದೊಡ್ಡದಾಗಿದ್ದರೆ ಆಲ್ಪೈನ್ ಸ್ವಿಫ್ಟ್. ಇವೆಲ್ಲವನ್ನೂ ಬದಿಗಿಟ್ಟ ಮೇಲೆ, ಸುಮಾರು 12 ಸೆಂಟಿಮೀಟರ್ ಉದ್ದದ, ಬೆನ್ನು ಬೂದುಗಂದು, ಹೊಟ್ಟೆ ಕೊಂಚ ತಿಳಿ, ಬಾಲದಲ್ಲಿ ತುಸುವೇ ಕವಲು, ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ರೆಕ್ಕೆಗಳ ಹಕ್ಕಿ ಉಳಿದರೆ ಅದೇ ನೀವು ಹುಡುಕುತ್ತಿರುವುದು. ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸುವಂತಿಲ್ಲ. ಬಂಡೆಗಳ ಬಳಿ ಹಾರುವ ಕಂದು ಕ್ರ್ಯಾಗ್ ಮಾರ್ಟಿನ್ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಮೊದಮೊದಲು ಅದನ್ನೇ ಸ್ವಿಫ್ಟ್‌ಲೆಟ್ ಎಂದು ಬರೆದುಕೊಂಡು ಪುಟಗಟ್ಟಲೆ ಟಿಪ್ಪಣಿಯನ್ನು ನಾನು ಹಾಳುಮಾಡಿದ್ದೇನೆ. ಅದು ಆಗಾಗ ಬಂಡೆಯ ಅಂಚಿನಲ್ಲಿ ಕೂರುತ್ತದೆ, ಬಾಲವನ್ನು ಅಗಲಿಸಿದಾಗ ಬಿಳಿ ಚುಕ್ಕೆಗಳು ತೋರುತ್ತವೆ.

ಸಂತಾನದ ಕಾಲ ಮುಖ್ಯವಾಗಿ ಮಾರ್ಚ್‌ನಿಂದ ಜೂನ್‌ವರೆಗೆ. ಕಾಫಿಗೆ ಹೂಮಳೆ ಬಿದ್ದ ದಿನಗಳಿಂದ ಮುಂಗಾರು ಹಿಡಿಯುವವರೆಗೆ ಎಂದು ನಮ್ಮ ಕಡೆಯವರು ಲೆಕ್ಕ ಇಟ್ಟುಕೊಳ್ಳಬಹುದು. ಮಳೆಯ ಬೆನ್ನಿಗೆ ಹುತ್ತದಿಂದ ರೆಕ್ಕೆಯ ಗೆದ್ದಲು ಏಳುವ ಸಂಜೆ ಹಕ್ಕಿಗಳು ಕೆಳಮಟ್ಟಕ್ಕೆ ಇಳಿದು ಬೇಟೆಯಾಡುವುದರಿಂದ ನೋಡುವುದಕ್ಕೆ ಅದಕ್ಕಿಂತ ಅನುಕೂಲದ ಹೊತ್ತಿಲ್ಲ.

ಇನ್ನು ಗವಿಯ ವಿಷಯ. ಬೆಟ್ಟದ ಗವಿ ಎಲ್ಲೆಲ್ಲಿದೆ ಎಂಬುದು ದನ ಮೇಯಿಸುವವರಿಗೂ ತೋಟದ ಹಿರಿಯರಿಗೂ ಗೊತ್ತಿರುತ್ತದೆ. ಅವರನ್ನು ಕೇಳಿ, ಅರಣ್ಯ ಪ್ರದೇಶವಾದರೆ ಇಲಾಖೆಯ ಅನುಮತಿ ಪಡೆದು, ಪೂಜೆ ನಡೆಯುವ ಸ್ಥಳವಾದರೆ ಅಲ್ಲಿನ ಹಿರಿಯರ ಒಪ್ಪಿಗೆ ಪಡೆದು ಹೋಗಿ. ಮೇಲಿನ ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ದೂರದಿಂದಲೇ ದುರ್ಬೀನಿನಲ್ಲಿ ನೋಡಿಕೊಳ್ಳಿ. ಕಟ್ಟಿದ್ದರೆ ಆ ಗವಿಯನ್ನು ಬಿಟ್ಟುಬಿಡಿ.

ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ತಲುಪಿ, ಗವಿಯ ಬಾಯಿಂದ 15–20 ಮೀಟರ್ ದೂರದಲ್ಲಿ, ಹಕ್ಕಿಗಳು ಹಾಯುವ ದಾರಿಯನ್ನು ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಆಕಾಶ ಹಿನ್ನೆಲೆಯಾಗುವಂತಿದ್ದರೆ ಎಣಿಕೆ ಸುಲಭ. ಇಬ್ಬರಿದ್ದರೆ ಒಬ್ಬರು ಒಳಹೋಗುವವನ್ನು, ಇನ್ನೊಬ್ಬರು ಹೊರಬರುವವನ್ನು ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡು ಕೊನೆಗೆ ಕಳೆಯಬೇಕು. ಬೆಳಕು ಕುಂದಿದಂತೆ ಬಾವಲಿಗಳು ಹೊರಡತೊಡಗುತ್ತವೆ. ಅಲ್ಲಿಂದ ಮುಂದೆ ಹೊರಬಂದ ಪ್ರತಿಯೊಂದೂ ಹಕ್ಕಿಯಲ್ಲ ಎಂಬ ಎಚ್ಚರ ಇರಲಿ.

ಕಣ್ಣಿನ ಕೆಲಸ ಮುಗಿಯುವ ಹೊತ್ತಿಗೆ ಕಿವಿಯ ಕೆಲಸ ಶುರುವಾಗುತ್ತದೆ. ಕತ್ತಲೆಗೆ ನುಗ್ಗುವ ಸ್ವಿಫ್ಟ್‌ಲೆಟ್ ಟಿಕ್‌ಟಿಕ್ ಎಂದು ಒಂದೇ ಸಮನೆ ಸದ್ದು ಹೊರಡಿಸಿ, ಗೋಡೆಗೆ ಬಡಿದು ಮರಳುವ ದನಿಯಿಂದ ದಾರಿ ಕಂಡುಕೊಳ್ಳುತ್ತದೆ. ಹಲವು ಹಕ್ಕಿಗಳು ಒಟ್ಟಿಗೆ ಬಂದಾಗ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದ ಹಾಗೆ ಕೇಳಿಸುತ್ತದೆ. ಹಕ್ಕಿಗಳ ಲೋಕದಲ್ಲಿ ಈ ವಿದ್ಯೆ ಕೆಲವು ಜಾತಿಯ ಸ್ವಿಫ್ಟ್‌ಲೆಟ್‌ಗಳಿಗೆ ಮತ್ತು ದಕ್ಷಿಣ ಅಮೆರಿಕದ ಆಯಿಲ್‌ಬರ್ಡ್‌ಗೆ ಮಾತ್ರ ಒಲಿದಿದೆ. ಕೀಟ ಹಿಡಿಯುವ ಬಾವಲಿಗಳ ಕೂಗು ಬಹುಪಾಲು 20 ಕಿಲೋಹರ್ಟ್ಸ್‌ಗಿಂತ ಮೇಲಿದ್ದು ನಮಗೆ ಕೇಳಿಸುವುದಿಲ್ಲ. ಸ್ವಿಫ್ಟ್‌ಲೆಟ್‌ನ ಟಿಕ್‌ಟಿಕ್ ಅದಕ್ಕಿಂತ ಬಹಳ ಕೆಳಗಿನ ಸ್ವರದ್ದು. ಹೀಗಾಗಿ ನಮ್ಮ ಕಿವಿಗೂ ಸಾಧಾರಣ ಮೊಬೈಲ್ ಫೋನಿನ ಮೈಕಿಗೂ ಅದು ಸಿಗುತ್ತದೆ. ಅದೇ ಕಾರಣಕ್ಕೆ ಆ ದನಿಯಿಂದ ಸೊಳ್ಳೆಯಷ್ಟು ಸೂಕ್ಷ್ಮವಾದದ್ದನ್ನು ಹಿಡಿಯಲಾಗದು. ಹುಳುಗಳ ಬೇಟೆಯೆಲ್ಲ ಹಗಲಿನಲ್ಲಿ ಕಣ್ಣಿನಿಂದಲೇ ನಡೆಯುತ್ತದೆ. ಫೋನನ್ನು ಒಂದು ಕಲ್ಲಿನ ಮೇಲಿಟ್ಟು, ಧ್ವನಿಮುದ್ರಣ ಚಾಲೂ ಮಾಡಿ, ಪರದೆಯ ಬೆಳಕು ಆರಿಸಿ ಸುಮ್ಮನಿರಿ.

ಒಳಗಿನ ಗೂಡುಗಳನ್ನು ನೋಡುವ ಆಸೆ ಸಹಜವಾದರೂ ಅದನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೂಡು ಎಂದರೆ ಜೊಲ್ಲಿನಿಂದ ಕಲ್ಲಿಗೆ ಅಂಟಿಸಿದ, ಪಾಚಿ ಮತ್ತು ಗರಿಗಳು ಬೆರೆತ ಅರ್ಧ ಬಟ್ಟಲು. ಅದರಲ್ಲಿ ಎರಡು ಬಿಳಿ ಮೊಟ್ಟೆ. ಟಾರ್ಚಿಗೆ ಬೆದರಿ ಎದ್ದ ಹಕ್ಕಿಯ ರೆಕ್ಕೆ ತಗುಲಿ ಮೊಟ್ಟೆ ಉರುಳಿದರೆ ಆ ಜೋಡಿಯ ಅಷ್ಟು ದಿನಗಳ ಶ್ರಮ ನೆಲದ ಪಾಲು. ಆಗ್ನೇಯ ಏಷ್ಯಾದಲ್ಲಿ ಸೂಪಿಗಾಗಿ ಮಾರಾಟವಾಗುವ ಅಚ್ಚಬಿಳಿಯ ಗೂಡು ಇದರದ್ದಲ್ಲ, ಇದರ ಸಂಬಂಧಿಯದು. ಆದರೂ ಪಶ್ಚಿಮ ಕರಾವಳಿಯಾಚೆಯ ವೆಂಗುರ್ಲಾ ಬಂಡೆಗಳಲ್ಲಿ ಇದರ ಗೂಡುಗಳನ್ನೂ ದೋಚಿದ ಇತಿಹಾಸವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ‘ಬೇಟೆ’ಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹಕ್ಕಿ ನೋಡಿದ ದಾಖಲೆಗಳನ್ನು ಹಂಚಿಕೊಳ್ಳುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಬೆಟ್ಟದ ಹೆಸರಷ್ಟೇ ಸಾಕು, ಗವಿಯ ನಿಖರ ಜಾಗ ಬೇಡ.

ನೆಲಕ್ಕೆ ಬಿದ್ದ ಹಕ್ಕಿ ಸಿಕ್ಕಿದರೆ ಹಾರಲಿ ಎಂದು ಮೇಲಕ್ಕೆ ಎಸೆಯಬೇಡಿ, ಹಾಲು ಅನ್ನ ತಿನ್ನಿಸಬೇಡಿ. ತೂತುಗಳಿರುವ ರಟ್ಟಿನ ಪೆಟ್ಟಿಗೆಯೊಳಗೆ ಕಾಲೂರಲು ಒರಟು ಬಟ್ಟೆ ಹಾಸಿ, ಕತ್ತಲೆಯಲ್ಲಿಟ್ಟು, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ.