ಬರಿ ತಾಮ್ರ ಇದ್ದರೆ ಮಾತ್ರ ಓಡುವ ಶೆಲ್ ರೈಲು

ಎರಡೂ ತುದಿಗೆ ಅಯಸ್ಕಾಂತ ಅಂಟಿಸಿದ ಬ್ಯಾಟರಿ ಶೆಲ್ ತಾಮ್ರದ ತಂತಿಯ ಸುರುಳಿಯೊಳಗೆ ತಾನೇ ಓಡುವುದೇ ಶೆಲ್ ರೈಲು. ಶೆಲ್‌ನ ಕರೆಂಟ್ ಅಯಸ್ಕಾಂತದ ಮೂಲಕ ತಂತಿಗೆ ಹರಿದರಷ್ಟೇ ಅದು ಓಡುತ್ತದೆ. ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಈ ರೈಲು ನಿಂತಲ್ಲೇ ನಿಂತಿದೆಯೇ? ಮೊದಲು ತಂತಿ ನೋಡಿ. ಹುಬ್ಬಳ್ಳಿಯಾಗಲಿ, ಗದಗ–ಹಾವೇರಿಯಾಗಲಿ, ತಾಮ್ರದ ತಂತಿ ಬೇಕೆಂದೊಡನೆ ಜನ ಹೋಗುವುದು ಪಂಪ್‌ಸೆಟ್ ಮೋಟಾರಿನ ರಿವೈಂಡಿಂಗ್ ಅಂಗಡಿಗೆ. ಅಲ್ಲಿನ ತಂತಿಗೆ ಎನಾಮಲ್ ಲೇಪ ಇರುತ್ತದೆ. ನೋಡಲು ತಾಮ್ರವೇ, ಆದರೆ ಅಯಸ್ಕಾಂತ ಮುಟ್ಟಿದ ಜಾಗದಲ್ಲಿ ಕರೆಂಟ್ ಹರಿಯುವುದಿಲ್ಲ. ಒಲೆಯ ಉರಿಗೆ ಹಿಡಿದು ಲೇಪ ಸುಡುವ ಅಡ್ಡದಾರಿ ಬೇಡವೇ ಬೇಡ: ಹೊಗೆ ಕೆಟ್ಟದ್ದು, ತಂತಿಯೂ ಕಪ್ಪಾಗಿ ಮೆತ್ತಗಾಗಿ ಸುರುಳಿಯ ಆಕಾರ ಉಳಿಯುವುದಿಲ್ಲ. ಮನೆ ವೈರಿಂಗಿನ ಎಳೆಎಳೆ ತಂತಿಯೂ ನಡೆಯದು.

ಕೇಳಬೇಕಾದ್ದು ಲೇಪವಿಲ್ಲದ ಬರಿ ತಾಮ್ರದ ತಂತಿ, 19 ಗೇಜ್, ಅಂದರೆ ಸುಮಾರು 1 ಮಿ.ಮೀ. ದಪ್ಪ. ಒಂದು ಸುರುಳಿಗೆ 10 ಮೀಟರ್ ಸಾಕು. ತೂಕಕ್ಕೆ ಕೊಡುವವರಾದರೆ 70 ಗ್ರಾಂ. ಕೊಳ್ಳುವ ಮುಂಚೆ ಅಯಸ್ಕಾಂತ ಹಿಡಿದು ನೋಡಿ. ಅಂಟಿತೆಂದರೆ ಒಳಗಿರುವುದು ಕಬ್ಬಿಣ, ಮೇಲೆ ತಾಮ್ರದ ಬಣ್ಣ. ಅದರೊಳಗೆ ರೈಲು ಸಿಕ್ಕಿಕೊಳ್ಳುತ್ತದೆ.

ಉಳಿದದ್ದು: ಒಂದು ಟ್ರಿಪಲ್ ಎ ಆಲ್ಕಲೈನ್ ಶೆಲ್ (ವ್ಯಾಸ 10.5 ಮಿ.ಮೀ.), 12 ಮಿ.ಮೀ. ವ್ಯಾಸ 3 ಮಿ.ಮೀ. ದಪ್ಪದ ಐದು ನಿಯೋಡಿಮಿಯಂ ಅಯಸ್ಕಾಂತದ ಬಿಲ್ಲೆ. ಅಯಸ್ಕಾಂತ ಶೆಲ್‌ಗಿಂತ ಅಗಲ ಇರಲೇಬೇಕು, ಇಲ್ಲದಿದ್ದರೆ ಅದು ತಂತಿಯನ್ನು ಮುಟ್ಟುವುದಿಲ್ಲ. ಹಳೇ ಸ್ಪೀಕರಿನ ಕಪ್ಪು ಫೆರೈಟ್ ತುಂಡುಗಳಲ್ಲಿ ಕರೆಂಟ್ ಹರಿಯದು. ಪ್ಲಾಸ್ಟಿಕ್ ಹೊದಿಕೆಯವೂ ವ್ಯರ್ಥ. ಬೆಳ್ಳಗೆ ಹೊಳೆಯುವ ನಿಕ್ಕಲ್ ಲೇಪದವೇ ಆಗಬೇಕು.

ತಂತಿ ಸುತ್ತಲು ಅರ್ಧ ಇಂಚಿನ ನಯವಾದ ಸರಳು ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಯಾವುದೇ ಲೇತ್ ವರ್ಕ್‌ಶಾಪಿನಲ್ಲಿ ಅಂಥ ತುಂಡು ಕೇಳಬಹುದು. ಕಟ್ಟಡಕ್ಕೆ ಬಳಸುವ ಗೀರಿನ ಕಬ್ಬಿಣ ಬೇಡ. ಸರಳಿಗೆ ಒಂದು ಎ4 ಹಾಳೆಯನ್ನು ಅದರ ಉದ್ದ ಮುಗಿಯುವವರೆಗೆ ಬಿಗಿಯಾಗಿ ಸುತ್ತಿದರೆ ಏಳು ಪದರ ಬಂದು ದಪ್ಪ ಸುಮಾರು 14 ಮಿ.ಮೀ. ಆಗುತ್ತದೆ. ಮೇಲೆ ತಂತಿಯನ್ನು ಒತ್ತೊತ್ತಾಗಿ 200 ಸುತ್ತು ಸುತ್ತಿ. ಮೊದಲು ಸರಳು ಎಳೆದು, ಆಮೇಲೆ ಕಾಗದ ಎಳೆಯಿರಿ. ಸುರುಳಿ ಸಲೀಸಾಗಿ ಕಳಚುತ್ತದೆ. ಈಗ 20 ಸೆಂ.ಮೀ. ಇರುವ ಸುರುಳಿಯನ್ನು 30–35 ಸೆಂ.ಮೀ.ಗೆ ಸಮನಾಗಿ ಹಿಗ್ಗಿಸಿ. ಸುತ್ತುಗಳು ಒಂದಕ್ಕೊಂದು ತಾಗಿದಲ್ಲಿ ಕರೆಂಟ್ ಸುತ್ತಿ ಹೋಗುವ ಬದಲು ನೇರವಾಗಿ ದಾಟುತ್ತದೆ, ಅಲ್ಲಿ ಎಳೆತ ಸಾಯುತ್ತದೆ. ಒಂದೆಡೆ ಜಾಸ್ತಿ ಎಳೆದು ಸೊಟ್ಟ ಮಾಡಿದರೆ ಅಲ್ಲೇ ರೈಲು ತಡೆಯುತ್ತದೆ.

ಇನ್ನು ಧ್ರುವಗಳು. ಶೆಲ್‌ನ ಕವಚ ಉಕ್ಕಿನದು, ಅದಕ್ಕೆ ಅಯಸ್ಕಾಂತದ ಯಾವ ಮುಖವಾದರೂ ಅಂಟುತ್ತದೆ. ಅಂಟಿತು ಎಂದರೆ ಸರಿಯಾಯಿತು ಎಂದಲ್ಲ. ಎರಡೆರಡು ಬಿಲ್ಲೆ ಸೇರಿಸಿ ಎರಡು ಜೋಡಿ ಮಾಡಿ, ಎದುರುಬದುರು ಹಿಡಿಯಿರಿ. ಪರಸ್ಪರ ದೂಡುವ ಮುಖಗಳಿಗೆ ಪೆನ್ನಿನ ಗುರುತು ಹಾಕಿ, ಗುರುತಿನ ಮುಖಗಳೇ ಶೆಲ್‌ನ ಎರಡೂ ತುದಿಗೆ ಅಂಟಲಿ. ಉಲ್ಟಾ ಆದರೆ ಒಂದು ಜೋಡಿ ಮುಂದಕ್ಕೆ ಎಳೆದಷ್ಟೇ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಐದನೆಯ ಬಿಲ್ಲೆ ಇರುವುದು ಪರೀಕ್ಷೆಗೆ: ಅದರ ಒಂದೇ ಮುಖವನ್ನು ಎರಡೂ ತುದಿಗೆ ತೋರಿಸಿ. ಎರಡೂ ಕಡೆ ಸೆಳೆಯಬೇಕು, ಇಲ್ಲವೇ ಎರಡೂ ಕಡೆ ದೂಡಬೇಕು. ಪ್ಲಸ್ ತುದಿಯ ಉಬ್ಬಿನ ಮೇಲೆ ಬಿಲ್ಲೆ ಜಾರುವುದುಂಟು, ಬೆರಳಿನಿಂದ ನಡುವಿಗೆ ತನ್ನಿ.

ರೈಲನ್ನು ಸುರುಳಿಯೊಳಗೆ ಪೂರ್ತಿ ತಳ್ಳಿ. ಹೊರಕ್ಕೆ ನೂಕಿತೆಂದರೆ ರೈಲನ್ನೇ ತಿರುಗಿಸಿ ಇನ್ನೊಂದು ತುದಿ ಮುಂದಿಟ್ಟು ಬಿಡಿ.

ಹೆಚ್ಚೂಕಡಿಮೆ ಶಾರ್ಟ್ ಸರ್ಕ್ಯೂಟೇ ಇದು. ನಿಂತ ರೈಲನ್ನು ಒಳಗೆ ಬಿಟ್ಟರೆ ಶೆಲ್ ಕೈಸುಡುವಷ್ಟು ಕಾಯುತ್ತದೆ, ತಕ್ಷಣ ತೆಗೆಯಿರಿ. 3.7 ವೋಲ್ಟಿನ ಲಿಥಿಯಂ ಶೆಲ್ ಹಾಕಲೇಬೇಡಿ. ಬಿಲ್ಲೆಗಳು ಸಣ್ಣ ಮಕ್ಕಳ ಕೈಗೆ ಸಿಗಬಾರದು: ಎರಡು ನುಂಗಿದರೆ ಹೊಟ್ಟೆಯಲ್ಲಿ ಕರುಳನ್ನು ನಡುವೆ ಹಿಡಿದು ಅಂಟಿಕೊಂಡು ತೂತು ಮಾಡುತ್ತವೆ.

ಗುಂಡಗೆ ಓಡಿಸುವುದಾದರೆ ವೃತ್ತದ ವ್ಯಾಸ 40 ಸೆಂ.ಮೀ.ಗಿಂತ ಕಡಿಮೆ ಬೇಡ, ತಿರುವಿನಲ್ಲಿ ಶೆಲ್‌ನ ನಡು ತಂತಿಗೆ ಉಜ್ಜುತ್ತದೆ. ಇಂಥ ನಾಲ್ಕು ಸುರುಳಿ ಬೇಕಾಗುತ್ತವೆ. ನಾಲ್ಕನ್ನೂ ಒಂದೇ ದಿಕ್ಕಿಗೆ ಸುತ್ತಿ, ತುದಿಗಳನ್ನು ಎರಡು ಸುತ್ತಿನಷ್ಟು ಒಂದರೊಳಗೊಂದು ತಿರುಪಿ ಜೋಡಿಸಿ. ಒಂದು ಸುರುಳಿ ಎಡಸುತ್ತಾದರೂ ರೈಲು ಆ ಜೋಡಣೆಗೆ ಬಂದು ನಿಲ್ಲುತ್ತದೆ.