ಮೇಲುಕೋಟೆ ಗೋಮಾಳದಲ್ಲಿ ಸಗಣಿ ಹುಳ ಹಿಡಿದದ್ದು

ನೆಲದಲ್ಲಿ ಲೋಟ ಹೂತು ಗುಂಡಿ ಬಲೆ ಮಾಡಿ ಸಗಣಿ ಹುಳದ ಲೆಕ್ಕ ತೆಗೆಯುವುದೆಲ್ಲ ಮಲೆನಾಡಿಗೆ ಸರಿ, ಮೇಲುಕೋಟೆಯಂಥ ಒಣ ಕುರುಚಲಿನಲ್ಲಿ, ಅದೂ ದನ ಕುರಿ ಮೇಯುವ ಗೋಮಾಳದಲ್ಲಿ ಆಗದ ಮಾತು ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅನುದಾನ ಕೇಳಿದಾಗ ಸಮಿತಿಯ ಹಿರಿಯರೊಬ್ಬರು "ತೋಳದ ಕಾಡಿಗೆ ಹೋಗಿ ಸಗಣಿ ಕೆದಕ್ತೀರೇನ್ರಿ?" ಅಂದು ಫೈಲು ಪಕ್ಕಕ್ಕಿಟ್ಟರು. ಈ ಮುಂಗಾರಿನಲ್ಲಿ ಒಂದೇ ಸಾಲಿನ ಬಲೆಗೆ ಬಿದ್ದ ಹುಳ ವಿಂಗಡಿಸಲು ಇಬ್ಬರು ವಿದ್ಯಾರ್ಥಿಗಳಿಗೆ ಹತ್ತಿರ ಹತ್ತಿರ ಒಂದು ವಾರ ಬೇಕಾಯಿತು. ಖರ್ಚೆಲ್ಲ ನನ್ನ ಸಂಬಳದ್ದೇ.

ಮೇಲುಕೋಟೆಯ ಕಾಡು ತೋಳಕ್ಕೆಂದೇ 1974ರಲ್ಲಿ ಘೋಷಿಸಿದ ಅಭಯಾರಣ್ಯ, ಐವತ್ತು ಚದರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಒಳಗೆ ಹುಳ ಹಿಡಿಯಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಕಾಗದಕ್ಕೆ ಕಾದರೆ ಮೊದಲ ಮಳೆ ತಪ್ಪಿಹೋಗುತ್ತದೆ. ಹಾಗಾಗಿ ಗಡಿಯಾಚೆಯ ಗೋಮಾಳ, ಒಪ್ಪಿದ ರೈತರ ಹೊಲದ ಬದು, ಇಷ್ಟರಲ್ಲೇ ಸಾಲು ಹಾಕಿದೆ.

ಮೊದಲ ವರ್ಷ ಪೂರ್ತಿ ನಷ್ಟ. ಎಲ್ಲರೂ ಮಾಡುವಂತೆ ಲೋಟ ಹೂತು, ಸೋಪಿನ ನೀರು ಹಾಕಿ, ಮೇಲೆ ಸಗಣಿ ಗಂಟು ತೂಗುಬಿಟ್ಟರೆ, ಗಂಟನ್ನು ನಾಯಿ ಎಳೆದೊಯ್ದವು, ಬಿದ್ದ ಹುಳವನ್ನು ನವಿಲು ಹೆಕ್ಕಿದವು. ಉಳಿದ ಲೋಟಗಳು ಕುರಿಗಳ ಕಾಲಿಗೆ ಸಿಕ್ಕಿ ಚಪ್ಪಟೆ. ರೇಡಿಯೇಟರಿಗೆ ಹಾಕುವ ಗ್ಲೈಕಾಲ್ ಸುರಿಯಿರಿ, ಹುಳ ಕೆಡುವುದಿಲ್ಲ ಎಂದರು ಒಬ್ಬರು. ಅದು ಸಿಹಿ ಇರುತ್ತದೆ, ಜೊತೆಗೆ ವಿಷ. ಬಂಡೂರು ಕುರಿಯೊಂದು ಕುಡಿದು ಸತ್ತರೆ ಅದರ ಬೆಲೆ ಕಟ್ಟುವವರು ಯಾರು? ಕಬ್ಬಿಣದ ಜಾಲರಿಗೆ ಮೈಸೂರಿನಲ್ಲಿ ವಿಚಾರಿಸಿದೆ: ಒಂದಕ್ಕೆ ಆರುನೂರರ ಮೇಲೆ.

ಕೊನೆಗೆ ನಿಂತದ್ದು ಇದು. ಹೋಟೆಲಿನವರು ಎಸೆಯುವ ಮೊಸರಿನ ಡಬ್ಬ, ಅದರ ಬಾಯಿಗೆ ನೀರಿನ ಬಾಟಲಿಯ ಕತ್ತು ಕತ್ತರಿಸಿ ಮಾಡಿದ ಆಲಿಕೆ, ಮಳೆಗೆ ಅಡಿಕೆ ಹಾಳೆಯ ಊಟದ ತಟ್ಟೆ, ಅದನ್ನು ಎತ್ತಿ ಹಿಡಿಯಲು ಮೂರು ಸೈಕಲ್ ಕಡ್ಡಿ. ಸುತ್ತ ಜಾಲಿ ಮುಳ್ಳು, ಒತ್ತಾಗಿ. ಒಂದಕ್ಕೆ ಇಪ್ಪತ್ತೈದು ರೂಪಾಯಿಯೂ ದಾಟಲಿಲ್ಲ. ಆಲಿಕೆ ಇದ್ದರೆ ನವಿಲಿನ ಕೊಕ್ಕು ತಳ ಮುಟ್ಟುವುದಿಲ್ಲ. ತಟ್ಟೆ ನೆಲದಿಂದ ಎಷ್ಟು ಎತ್ತರ ಇರಬೇಕು ಎನ್ನುವುದನ್ನು ನಾನು ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ. ಅದರಲ್ಲೇ ಅರ್ಧ ಕೆಲಸವಿದೆ.

ಇನ್ನರ್ಧ ಸಗಣಿಯಲ್ಲಿ. ಫೀಡು ತಿನ್ನುವ ಸೀಮೆಹಸುವಿನದು ತೆಳು, ಬಟ್ಟೆಯಲ್ಲಿ ನಿಲ್ಲದೆ ಸೋರುತ್ತದೆ. ಹಳ್ಳಿಕಾರ್ ಜೋಡಿ ಸಾಕಿರುವ ಒಬ್ಬರ ಕೊಟ್ಟಿಗೆಯಿಂದಲೇ ತಂದು, ಚೆನ್ನಾಗಿ ಕಲಸಿ, ಕಾಲು ಕೇಜಿಯಂತೆ ಉಂಡೆ ಕಟ್ಟಿ ಫ್ರೀಜರಿಗೆ ಹಾಕುತ್ತಿದ್ದೆ. ಎಲ್ಲ ಬಲೆಗೂ ಒಂದೇ ಸಗಣಿ ಸಿಗುತ್ತದೆ, ನೊಣದ ಮೊಟ್ಟೆಯೂ ಸಾಯುತ್ತದೆ. ಮನೆಯ ಫ್ರಿಜ್ಜಿನಲ್ಲಿ ಅದು ಎರಡು ದಿನವೂ ನಡೆಯಲಿಲ್ಲ. ಸೆಕೆಂಡ್ ಹ್ಯಾಂಡ್ ಫ್ರಿಜ್ಜಿಗೆ ನಾಲ್ಕು ಸಾವಿರ ಹೋಯಿತು, ಇಡೀ ಯೋಜನೆಯ ದೊಡ್ಡ ಖರ್ಚು ಅದೇ. ಬೆಟ್ಟದ ಗಾಳಿಗೆ ಉಂಡೆ ಬೇಗ ಹೊಟ್ಟುಗಟ್ಟದಿರಲು ಕಲಸುವಾಗ ಒಂದು ಸಾಮಾನು ಸೇರಿಸುತ್ತೇನೆ. ಅದೇನೆಂದು ಪ್ರಬಂಧ ಅಚ್ಚಾದ ಮೇಲೆ ಹೇಳುತ್ತೇನೆ.

ಮೊದಲ ದೊಡ್ಡ ಮಳೆಯ ಮಾರನೇ ಸಂಜೆ ನೋಡಬೇಕಿತ್ತು. ಹಗಲಿಡೀ ಉಂಡೆ ಉರುಳಿಸುವ ಜಿಮ್ನೊಪ್ಲೂರಸ್ ಜಾತಿಯ ಹುಳಗಳು ಬಂದಿದ್ದವು. ಕತ್ತಲಾಗುತ್ತಲೇ ಕಪ್ಪು ಕ್ಯಾಥಾರ್ಸಿಯಸ್ ಹುಳಗಳು ಗುಂಯ್‌ಗುಟ್ಟುತ್ತ ಬಂದು ಹಾಳೆ ತಟ್ಟೆಗೆ ಟಪ್ಪೆಂದು ಬಡಿದು, ಅಂಗಾತ ಬಿದ್ದು, ಕಾಲು ಬಡಿದು ಹೊರಳಿಕೊಂಡು ನೇರ ಆಲಿಕೆಗೆ ಇಳಿದವು. ಜೊತೆಗಿದ್ದ ಕುರಿಗಾಹಿ "ಸಾ, ಈ ಸಗ್ಣಿಗೆ ಅದೇನ್ ಮದ್ದಾಕಿದ್ದೀರಿ?" ಅಂದ.

ಮದ್ದು ಎಂದಾಗ ನೆನಪಾಯಿತು. ಜಂತು, ಉಣ್ಣೆಗೆಂದು ಕೊಡುವ ಐವರ್‌ಮೆಕ್ಟಿನ್ ಔಷಧ ಚುಚ್ಚಿಸಿಕೊಂಡ ದನದ ಸಗಣಿಯಲ್ಲಿ ಹುಳದ ಮರಿ ಬದುಕುವುದಿಲ್ಲ ಎನ್ನುವುದು ಹಳೆಯ ವಿಷಯ. ಇಲ್ಲಿ ನೋಡೋಣವೆಂದು ಚುಚ್ಚಿದ ದನದ್ದು, ಚುಚ್ಚದ್ದು, ಎರಡನ್ನೂ ಅಕ್ಕಪಕ್ಕ ಇಟ್ಟೆ. ಬೆಳೆದ ಹುಳಗಳು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಬಂದವು. ತಿಂಗಳ ನಂತರ ಅಡಿಯ ಮಣ್ಣು ಅಗೆದರೆ, ಚುಚ್ಚದ ಕಡೆ ಬೊಗಸೆ ತುಂಬ ಮರಿ, ಚುಚ್ಚಿದ ಕಡೆ ಬೆರಳಲ್ಲಿ ಎಣಿಸುವಷ್ಟು. ಬಲೆಯ ಲೆಕ್ಕವೊಂದನ್ನೇ ನಂಬಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಹಂದಿ ಹಿಕ್ಕೆಯನ್ನೂ ಒಮ್ಮೆ ಇಟ್ಟೆ. ಹುಳ ಮುಗಿಬಿದ್ದವು, ಸಹಾಯಕ ಮಾತ್ರ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ವನ್ಯಜೀವಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆ ಈಗ ಒಂದು ಡಬ್ಬಿ ತೋರಿಸುತ್ತೇನೆ. ಹುಣಸೆ ಮರದಡಿ ಹಾಲಕ್ಕಿ ಎಂಬ ಚಿಕ್ಕ ಗೂಬೆ ಜೀರ್ಣವಾಗದ್ದನ್ನು ಉಗುಳಿದ ಉಂಡೆಗಳು, ಮುಂಗುಸಿಯ ಹಿಕ್ಕೆ. ನೆನೆಸಿ ಬಿಡಿಸಿದರೆ ಸಗಣಿ ಹುಳದ ಕಪ್ಪು ರೆಕ್ಕೆಚಿಪ್ಪುಗಳೇ.

ಮುಂದಿನ ಸಾಲು ವಿಶ್ವೇಶ್ವರಯ್ಯ ನಾಲೆಯ ಕೆಳಗೆ, ಕಬ್ಬಿನ ಗದ್ದೆ ಬದುವಿನಲ್ಲಿ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿರುವ ಕಡೆ ಯಾವ ಹುಳ ಉಳಿದಿದೆ ನೋಡಬೇಕು. ನಾಲೆಗೆ ನೀರು ಬಿಟ್ಟ ದಿನ ಡಬ್ಬ ಅಡಿಯಿಂದಲೇ ತೇಲಿ ಮೇಲೆ ಬರುತ್ತದೆ. ಅದಕ್ಕೆ ಉಪಾಯ ಇನ್ನೂ ಹೊಳೆದಿಲ್ಲ, ಸದ್ಯಕ್ಕೆ ಕಲ್ಲು ಹೇರಿ ನೋಡುತ್ತಿದ್ದೇನೆ.